ದಿನಕ್ಕೆಲ್ಲಿಯ ಸೂತಕ?

(ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳವರ ಜಯಂತಿಯ ಅಂಗವಾಗಿ ಏಪ್ರಿಲ್ 1ರಂದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಇವತ್ತು ಏಪ್ರಿಲ್ ಒಂದು. ಶಾಲೆಯ ಮಕ್ಕಳಿಗೆ ಇದು ಒಬ್ಬರನ್ನೊಬ್ಬರು ಬೇಸ್ತು ಬೀಳಿಸುವ ದಿನ, ಮೂರ್ಖರ ದಿನ. ತುಮಕೂರು ಸೀಮೆಯ ನಮಗೆ ನಡೆದಾಡುವ ದೇವರು ಹುಟ್ಟಿದ ದಿನ. ಬ್ಯಾಂಕಿನವರಿಗೆ ಹೊಸ ಲೆಕ್ಕದ ವರ್ಷ ಶುರುವಾಗುವ ದಿನ. ದಿನ ಒಂದೇ, ಹೆಸರು ಮೂರು. ಈ ಒಂದೇ ತಾರೀಖಿನ ಮೇಲೆ ಏನೇನು ನಡೆದಿದೆ ಎಂದು ನೋಡುತ್ತಾ ಹೋದರೆ ನಮ್ಮ ಮನೆಗಳಿಗೆ ಬೇಕಾದ ಒಂದು ಮಾತು ಸಿಗುತ್ತದೆ ಎಂಬುದು ನನ್ನ ಎಣಿಕೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

1907ನೇ ಇಸವಿ ಏಪ್ರಿಲ್ 1. ನಮ್ಮ ಕುಣಿಗಲ್ಲಿಗೆ ನೆರೆಯ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹೊನ್ನೇಗೌಡರು ಮತ್ತು ಗಂಗಮ್ಮನವರ ಮನೆಯಲ್ಲಿ ಕೊನೆಯ ಮಗು ಹುಟ್ಟಿತು. ಹದಿಮೂರು ಮಕ್ಕಳಲ್ಲಿ ಕೊನೆಯದು. ಶಿವಣ್ಣ ಎಂದು ಹೆಸರಿಟ್ಟರು. ನಾಗವಲ್ಲಿಯಲ್ಲಿ ಓದಿ, 1926ರಲ್ಲಿ ಮೆಟ್ರಿಕ್ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದ ಹುಡುಗ ಆತ. 1930ರ ಮಾರ್ಚ್ 3ರಂದು ಸಿದ್ಧಗಂಗೆಯಲ್ಲಿ ವಿರಕ್ತಾಶ್ರಮ ಸ್ವೀಕರಿಸಿ ಶಿವಕುಮಾರ ಸ್ವಾಮಿಗಳಾದರು. 1941ರಲ್ಲಿ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಮೇಲೆ ಮಠದ ಪೂರ್ಣ ಹೊಣೆ ಅವರ ಹೆಗಲಿಗೆ ಬಂತು. 2019ರ ಜನವರಿ 21ರಂದು ಲಿಂಗೈಕ್ಯರಾಗುವಾಗ ಅವರಿಗೆ 111 ವರ್ಷ. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹ ಅವರ ಬದುಕಿನ ಅರ್ಥ. ಇದೆಲ್ಲ ನಿಮಗೆ ಗೊತ್ತಿರುವುದೇ.

ಅವರು ಹುಟ್ಟಿದ್ದು ಸೋಮವಾರ, ಲಿಂಗೈಕ್ಯರಾದದ್ದೂ ಸೋಮವಾರ. ಇದನ್ನು ಹೇಳಿದ ಕೂಡಲೆ ಯಾರಾದರೂ ಒಬ್ಬರು, “ನೋಡಿದಿರಾ, ಶಿವನ ವಾರ!” ಅನ್ನುತ್ತಾರೆ. ನಮ್ಮ ತೊಂದರೆ ಶುರುವಾಗುವುದೇ ಅಲ್ಲಿಂದ. ವಾರಕ್ಕೆ ಇರುವುದು ಏಳೇ ದಿನ. ಲೋಕದಲ್ಲಿ ಹುಟ್ಟಿದವರಲ್ಲಿ ಏಳರಲ್ಲೊಬ್ಬರು ಸೋಮವಾರವೇ ಹುಟ್ಟಿರುತ್ತಾರೆ. ಅವರಲ್ಲಿ ದಾಸೋಹಿಗಳೂ ಇದ್ದಾರೆ, ದರೋಡೆ ಮಾಡಿದವರೂ ಇದ್ದಾರೆ. ದೊಡ್ಡವರಾದವರ ದಿನವನ್ನು ಎತ್ತಿ ಹಿಡಿದು, ಉಳಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದೇ ಹೋದರೆ ಯಾವ ದಿನವನ್ನಾದರೂ ಶುಭದಿನ ಮಾಡಬಹುದು.

ಈಗ ಪೂಜ್ಯರ ಒಂದೊಂದು ಹುಟ್ಟುಹಬ್ಬದ ದಿನ ಲೋಕದಲ್ಲಿ ಏನು ನಡೆಯಿತು ಎಂದು ನೋಡೋಣ.

ಅವರಿಗೆ ಒಂದು ವರ್ಷ ತುಂಬಿದ ದಿನ, 1908ರ ಏಪ್ರಿಲ್ 1ರಂದು, ಅಮೆರಿಕದಲ್ಲಿ ಅಬ್ರಹಾಂ ಮ್ಯಾಸ್ಲೋ ಹುಟ್ಟಿದರು. ಮುಂದೆ ಮನಶ್ಶಾಸ್ತ್ರಜ್ಞರಾಗಿ, ಮನುಷ್ಯನಿಗೆ ಮೊದಲು ಹಸಿವು ನೀಗಬೇಕು, ಆಮೇಲೆ ಭದ್ರತೆ, ಆಮೇಲೆ ಪ್ರೀತಿ ಮತ್ತು ಗೌರವ, ಅದೆಲ್ಲ ಆದ ಮೇಲೆ ತನ್ನ ಶಕ್ತಿಯೆಲ್ಲ ಅರಳುವ ಹಂತ ಎಂದು 1943ರಲ್ಲಿ ಬರೆದವರು ಅವರು. ಅವರು ಪ್ರಬಂಧದಲ್ಲಿ ಹೇಳಿದ್ದು ಸಿದ್ಧಗಂಗೆಯ ಪ್ರಸಾದ ನಿಲಯದಲ್ಲಿ ದಿನವೂ ನಡೆಯುತ್ತಿತ್ತು. ಮೊದಲು ಊಟ, ಆಮೇಲೆ ಪಾಠ.

23 ತುಂಬಿದ ದಿನ, 1930ರ ಏಪ್ರಿಲ್ 1ರಂದು, ಹರಬಿಲಾಸ್ ಶಾರದಾ ಅವರು ತಂದ ಬಾಲ್ಯವಿವಾಹ ತಡೆ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂತು. ಹೆಣ್ಣಿಗೆ 14, ಗಂಡಿಗೆ 18 ತುಂಬುವ ಮೊದಲು ಮದುವೆ ಮಾಡುವುದು ಅಪರಾಧವೆಂದಾಯಿತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಯಪುರಕ್ಕೆ ಅದು ಅನ್ವಯಿಸಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1894ರಷ್ಟು ಹಿಂದೆಯೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವ ಕಾನೂನು ಬಂದಿತ್ತು. ಎಂಟು ವರ್ಷದೊಳಗೆ ಬೇಡ ಎಂದು ಹೇಳುವುದಕ್ಕೂ ಕಾನೂನು ಬೇಕಾಗಿತ್ತು ಎಂದರೆ ಆ ಕಾಲ ಹೇಗಿತ್ತು, ನೀವೇ ಯೋಚಿಸಿ.

ಈ ಶಾರದಾ ಕಾಯ್ದೆಯ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಕಾಯ್ದೆ ಅಂಗೀಕಾರವಾದದ್ದು 1929ರ ಸೆಪ್ಟೆಂಬರಿನಲ್ಲಿ, ಜಾರಿಯಾದದ್ದು ಏಪ್ರಿಲ್ 1ಕ್ಕೆ. ನಡುವೆ ಆರು ತಿಂಗಳು. ಆ ಆರು ತಿಂಗಳಲ್ಲಿ ದೇಶದ ಹಲವೆಡೆ ಜನ ಆತುರಾತುರವಾಗಿ ಎಳೆಯ ಮಕ್ಕಳ ಮದುವೆ ಮಾಡಿ ಮುಗಿಸಿದರು. 1931ರ ಜನಗಣತಿಯಲ್ಲಿ ಅದರ ಗುರುತು ಎದ್ದು ಕಾಣುತ್ತದೆ. ಆ ಮದುವೆಗಳಿಗೂ ಪಂಚಾಂಗ ನೋಡಿಯೇ ಮುಹೂರ್ತ ಇಟ್ಟಿದ್ದರು. ಮಗುವಿನ ಬಾಳನ್ನು ಕಟ್ಟಿಹಾಕಿದ ಗಳಿಗೆ ಶುಭವಾಯಿತು, ಮಗುವನ್ನು ಬಿಡಿಸಲು ಬಂದ ತಾರೀಖು ಅವರಿಗೆ ಅಶುಭವಾಯಿತು!

26 ತುಂಬಿದ ದಿನ, 1933ರಲ್ಲಿ, ಜರ್ಮನಿಯಲ್ಲಿ ಹಿಟ್ಲರನ ಕಡೆಯವರು ಯಹೂದಿಗಳ ಅಂಗಡಿ, ದವಾಖಾನೆ, ವಕೀಲರ ಕಚೇರಿಗಳ ಮುಂದೆ ನಿಂತು, ಒಳಗೆ ಹೋಗಬೇಡಿ ಎಂದು ಜನರನ್ನು ತಡೆದರು. ಮುಂದೆ ನಡೆದ ಘೋರಕ್ಕೆ ಅದು ಮೊದಲ ಹೆಜ್ಜೆ. 28 ತುಂಬಿದ ದಿನ, 1935ರಲ್ಲಿ, ನಮ್ಮ ರಿಸರ್ವ್ ಬ್ಯಾಂಕ್ ಕೆಲಸ ಶುರು ಮಾಡಿತು. ಮರುವರ್ಷ ಅದೇ ದಿನ ಒರಿಸ್ಸಾ ಪ್ರಾಂತ್ಯವಾಯಿತು. ಒಂದು ಭಾಷೆಯ ಜನ ಒಂದಾಗಬೇಕೆಂಬ ಅವರ ಬಯಕೆ ಈಡೇರಿದ್ದು ನಾವು ಕನ್ನಡಿಗರು ಒಂದಾಗುವುದಕ್ಕಿಂತ 20 ವರ್ಷ ಮೊದಲು.

33 ತುಂಬಿದ ದಿನ, 1940ರಲ್ಲಿ, ಆಫ್ರಿಕಾದ ಕೆನ್ಯಾ ದೇಶದ ಹಳ್ಳಿಯೊಂದರಲ್ಲಿ ವಂಗಾರಿ ಮಾಥಾಯ್ ಎಂಬ ಹೆಣ್ಣುಮಗಳು ಹುಟ್ಟಿದಳು. 1977ರಲ್ಲಿ ಆಕೆ ಹಳ್ಳಿಯ ಹೆಂಗಸರನ್ನು ಕೂಡಿಸಿಕೊಂಡು ಸಸಿ ನೆಡುವ ಚಳವಳಿ ಶುರು ಮಾಡಿದರು. ಕೋಟಿಗಟ್ಟಲೆ ಮರಗಳಾದವು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಆಫ್ರಿಕಾದ ಮೊದಲ ಮಹಿಳೆ ಆಕೆ. ನಾವು ಇದಕ್ಕೆ ಕಾಯಕ ಅನ್ನುತ್ತೇವೆ.

38 ತುಂಬಿದ ದಿನ, 1945ರಲ್ಲಿ, ಜಪಾನಿನ ಓಕಿನಾವಾ ದ್ವೀಪಕ್ಕೆ ಸೇನೆ ಇಳಿಯಿತು. ಸುಮಾರು ಮೂರು ತಿಂಗಳ ಆ ಕಾಳಗದಲ್ಲಿ ಸೈನಿಕರೂ ಊರಿನ ಜನರೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಆ ವರ್ಷ ಏಪ್ರಿಲ್ 1 ಈಸ್ಟರ್ ಭಾನುವಾರವಾಗಿತ್ತು, ಏಸು ಮತ್ತೆ ಎದ್ದು ಬಂದನೆಂದು ಕ್ರೈಸ್ತರು ಸಂಭ್ರಮಿಸುವ ಹಬ್ಬ. ಹಬ್ಬದ ದಿನವೆಂದು ಗುಂಡು ನಿಲ್ಲಲಿಲ್ಲ.

50 ತುಂಬಿದ ದಿನ, 1957ರಲ್ಲಿ, ಹದಿನಾರಾಣೆಯ ರೂಪಾಯಿ ಹೋಗಿ ನೂರು ನಯಾಪೈಸೆಯ ರೂಪಾಯಿ ಬಂತು. 66 ತುಂಬಿದ ದಿನ, 1973ರಲ್ಲಿ, ಹುಲಿಗಳನ್ನು ಉಳಿಸುವ ಯೋಜನೆ ಆರಂಭವಾಯಿತು. 103 ತುಂಬಿದ ದಿನ, 2010ರಲ್ಲಿ, 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎಂಬ ಕಾನೂನು ದೇಶದಲ್ಲಿ ಜಾರಿಗೆ ಬಂತು. ಮಗುವಿನ ಕುಲ ಕೇಳದೆ ಅಕ್ಷರ ಕಲಿಸಿದ ಗುರುವಿನ ಹುಟ್ಟುಹಬ್ಬದಂದೇ ಅದು ಬಂತೆಂದು ನನಗೆ ಸಂತೋಷ. ಆದರೆ ಅದು ಆಕಸ್ಮಿಕ. ಏಪ್ರಿಲ್ 1 ಸರ್ಕಾರದ ಲೆಕ್ಕದ ವರ್ಷದ ಮೊದಲ ದಿನ, ಹೊಸ ಕಾನೂನುಗಳು ಅಂದು ಜಾರಿಗೆ ಬರುವುದು ಸಾಮಾನ್ಯ. ಇಷ್ಟೇ ಅದರ ಗುಟ್ಟು.

ಹಾಗಾದರೆ ಏಪ್ರಿಲ್ 1 ಒಳ್ಳೆಯ ದಿನವೋ ಕೆಟ್ಟ ದಿನವೋ? ಗುರು ಹುಟ್ಟಿದ್ದೂ ಅಂದೇ, ಯಹೂದಿಯ ಅಂಗಡಿಗೆ ಅಡ್ಡ ನಿಂತದ್ದೂ ಅಂದೇ. ಸಸಿ ನೆಟ್ಟ ತಾಯಿ ಹುಟ್ಟಿದ್ದೂ ಅಂದೇ, ಓಕಿನಾವಾದಲ್ಲಿ ಸಾವು ಇಳಿದದ್ದೂ ಅಂದೇ. ದಿನ ಅಂದರೆ ಖಾಲಿ ಪಾತ್ರೆ. ಹಾಲು ಹಾಕಿದರೆ ಹಾಲಿನ ಪಾತ್ರೆ, ವಿಷ ಹಾಕಿದರೆ ವಿಷದ ಪಾತ್ರೆ. ತಪ್ಪು ಪಾತ್ರೆಯದಲ್ಲ.

ಶರಣರು ಇದನ್ನು ಒಂಬೈನೂರು ವರ್ಷಗಳ ಹಿಂದೆಯೇ ಕಂಡರು. ಮದುವೆಗೆ ದಿನ ಕೇಳಲು ಬಂದವರಿಗೆ, ಎಲ್ಲ ಕೂಡಿಬಂದಿದೆ ಎಂದೇ ಹೇಳಿ ಎಂಬ ಅರ್ಥದ ಬಸವಣ್ಣನವರ ವಚನ ನಿಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ. ಅಂಗೈಯಲ್ಲಿ ಇಷ್ಟಲಿಂಗ ಇರುವವನಿಗೆ ಕೆಟ್ಟ ಗಳಿಗೆ ಎಲ್ಲಿಂದ ಬರಬೇಕು ಎಂಬುದು ಅದರ ಬುಡದಲ್ಲಿರುವ ಪ್ರಶ್ನೆ. ಹುಟ್ಟಿನ ಸೂತಕ, ಸಾವಿನ ಸೂತಕ, ಮುಟ್ಟಿನ ಸೂತಕ, ಎಂಜಲಿನ ಸೂತಕ, ಜಾತಿಯ ಸೂತಕ ಎಂಬ ಐದನ್ನೂ ಶರಣರು ಕಿತ್ತೊಗೆದರು. ನಾವು ಲಿಂಗಾಯತರಿಗೆ ಪಂಚಸೂತಕವಿಲ್ಲ ಎಂದು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಮನೆಗೆ ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲ ನೋಡುತ್ತೇವೆ. ಐದು ಸೂತಕ ಕಳೆದುಕೊಂಡವರು ಆರನೆಯದೊಂದನ್ನು ಕಟ್ಟಿಕೊಂಡಿದ್ದೇವೆ. ಅದು ದಿನದ ಸೂತಕ.

ಇದು ಬರೀ ತಮಾಷೆಯ ಮಾತಾಗಿದ್ದರೆ ಬಿಡಬಹುದಿತ್ತು. ಹೆಣ್ಣು ಗಂಡಿನ ಮಾತುಕತೆಗೆ ನಮ್ಮ ಕಡೆ ನನ್ನನ್ನೂ ಕರೆಯುತ್ತಾರೆ. ಅಲ್ಲಿ ಕಂಡದ್ದನ್ನು, ಊರು ಹೆಸರು ಬಿಟ್ಟು ಹೇಳುತ್ತೇನೆ. ಒಂದು ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮನೆಯಲ್ಲೇ ಹುಟ್ಟಿದವಳು. ಗಡಿಯಾರ ನೋಡಿದವರಿಲ್ಲ, ತಾರೀಖೂ ಸರಿಯಾಗಿ ನೆನಪಿಲ್ಲ. ಜೋಯಿಸರು ಹೆಸರಿನ ಮೊದಲ ಅಕ್ಷರ ಹಿಡಿದು ನಕ್ಷತ್ರ ಹೇಳಿದರು, ಕೂಡಿಬಂತು, ಮದುವೆಯಾಯಿತು. ಚಿಕ್ಕವಳು ಆಸ್ಪತ್ರೆಯಲ್ಲಿ ಹುಟ್ಟಿದಳು. ಗಂಟೆ ನಿಮಿಷ ಎಲ್ಲ ಚೀಟಿಯಲ್ಲಿ ಬರೆದುಕೊಟ್ಟರು. ಲೆಕ್ಕ ಹಾಕಿದರೆ ಮೂಲಾ ನಕ್ಷತ್ರ. ಹುಡುಗಿ ನರ್ಸಿಂಗ್ ಓದಿ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತಾಳೆ. ನಾಲ್ಕು ಕಡೆಯವರು ಬಂದರು, ಒಪ್ಪಿದರು, ಜಾತಕ ನೋಡಿ ಹಿಂದೆ ಸರಿದರು. “ಮಾವನಿಗೆ ಆಗಿಬರಲ್ಲ” ಎಂದರು. ತಾಯಿ ನನ್ನ ಹತ್ತಿರ, “ಟೈಮ್ ಬರೆದಿಟ್ಟುಕೊಂಡಿದ್ದೇ ಮುಳುವಾಯ್ತು ಕಣಣ್ಣ, ಬೇರೆ ಜಾತಕ ಬರೆಸೋಣ ಅಂದರೆ ಇವಳು ಒಪ್ಪಲ್ಲ” ಎಂದು ಕಣ್ಣೀರು ಹಾಕಿದರು. ಹುಡುಗಿ ಹೇಳಿದ್ದು ಇಷ್ಟು: “ಸುಳ್ಳು ಕಾಗದ ಕೊಟ್ಟು ಒಂದು ಮನೆ ಸೇರೋದು ಬೇಡ. ನಾನು ಹುಟ್ಟಿದ ಹೊತ್ತಿಗೆ ನಾನ್ಯಾಕೆ ನಾಚಿಕೊಳ್ಳಲಿ?”

ಲಿಂಗ ಕಟ್ಟಿಕೊಂಡ ಮನೆ ಅದು. ಬಂದು ಹೋದ ನಾಲ್ಕೂ ಮನೆಯವರು ಲಿಂಗ ಕಟ್ಟಿಕೊಂಡವರೇ.

ಲೆಕ್ಕ ನೋಡಿ. ನಕ್ಷತ್ರಗಳು 27. ಮೂಲಾ ಮಾವನಿಗೆ, ಆಶ್ಲೇಷ ಅತ್ತೆಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ ಆಗದೆಂದು ಹೇಳುತ್ತಾರೆ. 27ರಲ್ಲಿ ನಾಲ್ಕು ಎಂದರೆ ಹೆಚ್ಚುಕಡಿಮೆ ಏಳು ಹೆಣ್ಣುಮಕ್ಕಳಲ್ಲಿ ಒಬ್ಬಳ ಮೇಲೆ ಹುಟ್ಟುತ್ತಲೇ ಅಪವಾದ. ನಮ್ಮ ಕಡೆ ಗಂಡಿನ ನಕ್ಷತ್ರದಿಂದ ಅವನ ಮಾವನಿಗೆ ಏನಾಗುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಮೂಲಾ ನಕ್ಷತ್ರದ ಸೊಸೆ ಬಾರದ ಮನೆಯಲ್ಲಿ ಮಾವಂದಿರು ಸಾಯದೆ ಉಳಿದದ್ದನ್ನೂ ಕಂಡಿಲ್ಲ.

ಇನ್ನು ಹುಟ್ಟಿದ ತಾರೀಖು. ಈ ಸಭೆಯಲ್ಲಿರುವ ಹಿರಿಯರಲ್ಲಿ ಎಷ್ಟು ಜನರ ದಾಖಲೆಯಲ್ಲಿ ಜೂನ್ 1 ಎಂದಿದೆ? ನೋಡಿ, ಎಷ್ಟು ಕೈ ಎದ್ದವು! ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತು ಎಂದು ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಆ ತಾರೀಖಿನ ಮೇಲೆ ನೌಕರಿ ಮಾಡಿದಿರಿ, ನಿವೃತ್ತಿಯಾದಿರಿ, ಪಿಂಚಣಿ ತೆಗೆದುಕೊಳ್ಳುತ್ತಿದ್ದೀರಿ. ನಿಜವಾದ ಗಳಿಗೆ ಗೊತ್ತಿಲ್ಲದೆಯೂ ಬದುಕು ಚೆನ್ನಾಗಿಯೇ ನಡೆಯಿತು. ನಿಮ್ಮ ಮೊಮ್ಮಗಳಿಗೆ ಮಾತ್ರ ನಿಮಿಷದ ಲೆಕ್ಕ ಏಕೆ?

ದಿನವೂ ಹಗಲನ್ನು ಎಂಟು ಪಾಲು ಮಾಡಿ ಒಂದು ಪಾಲು ರಾಹುಕಾಲ, ಒಂದು ಯಮಗಂಡ, ಒಂದು ಗುಳಿಕ ಅನ್ನುತ್ತಾರೆ. ಒಂದೊಂದು ಒಂದೂವರೆ ಗಂಟೆ. ಹನ್ನೆರಡು ಗಂಟೆಯ ಹಗಲಿನಲ್ಲಿ ನಾಲ್ಕೂವರೆ ಗಂಟೆ ಹೋಯಿತು. ರಾಹುಕಾಲವೊಂದನ್ನೇ ವರ್ಷಕ್ಕೆ ಕೂಡಿದರೆ ಸುಮಾರು 547 ಗಂಟೆ, ಅಂದರೆ ಪೂರ್ತಿ 22 ದಿನಕ್ಕೂ ಹೆಚ್ಚು. ಅದರ ಮೇಲೆ ಆಷಾಢ, ಧನುರ್ಮಾಸ, ಪಿತೃಪಕ್ಷ. ಕಾಯಕವೇ ಕೈಲಾಸ ಎನ್ನುವವರಿಗೆ ಕಾಯಕಕ್ಕೆ ಉಳಿದ ಹೊತ್ತೆಷ್ಟು?

ಇನ್ನೂ ಗಂಭೀರವಾದದ್ದು ಈಚೆಗೆ ಬಂದಿದೆ. ಹೆರಿಗೆಗೂ ಮುಹೂರ್ತ ಇಡಿಸುತ್ತಿದ್ದಾರೆ. ಇಂಥ ಗಂಟೆಗೆ ಆಪರೇಷನ್ ಮಾಡಿ ಮಗು ತೆಗೆಯಿರಿ ಎಂದು ವೈದ್ಯರ ಮುಂದೆ ಚೀಟಿ ಇಡುತ್ತಾರೆ. ದಿನ ತುಂಬುವ ಮೊದಲೇ ತೆಗೆದ ಮಗುವಿಗೆ ಉಸಿರಾಟದ ತೊಂದರೆ ಬರಬಹುದು. ತಡ ಮಾಡಿದರೆ ತಾಯಿಗೂ ಮಗುವಿಗೂ ಅಪಾಯವಾಗಬಹುದು. ಯಾವ ಗ್ರಹ ಬಂದು ಆ ತಾಯಿಯನ್ನು ಉಳಿಸುತ್ತದೆ?

“ಹಾಗಾದರೆ ಪಂಚಾಂಗವೇ ಬೇಡವೇ?” ಎಂದು ನೀವು ಕೇಳಬಹುದು. ಬೇಕು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಅದನ್ನೇ ಹಿಡಿದು ನಮ್ಮ ಹಿರಿಯರು ಇದು ಭರಣಿ ಮಳೆ, ಇದು ಕೃತ್ತಿಕೆ ಮಳೆ ಎಂದು ಗುರುತಿಟ್ಟು ಬಿತ್ತನೆ ಮಾಡಿದರು. ಅದು ಕಾಯಕದ ಲೆಕ್ಕ. ಗ್ರಹಣ ಯಾವಾಗ, ಹುಣ್ಣಿಮೆ ಯಾವಾಗ ಎಂಬುದು ಗಣಿತ. ಅದಕ್ಕೆ ನನ್ನ ಶರಣು. ದಿನ ಅಳೆಯಲು ಪಂಚಾಂಗ ಇರಲಿ, ದಿನಕ್ಕೆ ಹೆದರಲು ಬೇಡ. ಆ ಗಣಿತವನ್ನೂ ಆಗಾಗ ತಿದ್ದಬೇಕಾಗುತ್ತದೆ. ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿ 1955ರಲ್ಲಿ ಕೊಟ್ಟ ವರದಿಯಲ್ಲಿ ಈ ವಿಷಯವಿದೆ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ, ನಾವು ಉತ್ತರಾಯಣ ಪುಣ್ಯಕಾಲ ಆಚರಿಸುವುದು ಜನವರಿ 14 ಅಥವಾ 15ಕ್ಕೆ. ಇಪ್ಪತ್ಮೂರು ದಿನ ತಡ! ತಡವಾದ ಪುಣ್ಯಕಾಲದಲ್ಲಿ ತಿಂದ ಎಳ್ಳುಬೆಲ್ಲ ಕಹಿಯಾಗಿಲ್ಲ. ಏಕೆಂದರೆ ಹಬ್ಬದ ಸವಿ ಹಂಚಿಕೊಳ್ಳುವುದರಲ್ಲಿದೆ.

ನಮ್ಮದೇ ಒಂದು ದಿನದ ಮಾತು ಹೇಳುತ್ತೇನೆ. ಹರ್ಡೇಕರ್ ಮಂಜಪ್ಪನವರು ದಾವಣಗೆರೆಯಲ್ಲಿ 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವುದಕ್ಕೆ ನಾಂದಿ ಹಾಡಿದರು. ವೈಶಾಖ ಶುದ್ಧ ತದಿಗೆ, ಅದೇ ಅಕ್ಷಯ ತೃತೀಯ. ಈಗ ಆ ದಿನದ ಪತ್ರಿಕೆ ತೆರೆದು ನೋಡಿ. ಬಸವಣ್ಣನವರ ಚಿತ್ರ ಒಂದು ಕಡೆ, ಪುಟದ ತುಂಬ ಚಿನ್ನದಂಗಡಿಯ ಜಾಹೀರಾತು. ಚಿನ್ನ ಕೂಡಿಡುವುದಕ್ಕೆ ಎದುರಾಗಿ ದಾಸೋಹ ಹೇಳಿದವರ ಜಯಂತಿಯಂದು ನಾವು ಸಾಲ ಮಾಡಿ ಚಿನ್ನ ಕೊಳ್ಳಲು ಸಾಲು ನಿಲ್ಲುತ್ತೇವೆ. ಅಷ್ಟೇ ಅಲ್ಲ, ಆ ದಿನ ಮುಹೂರ್ತ ನೋಡಬೇಕಿಲ್ಲ ಎಂದು ಬಾಲ್ಯವಿವಾಹಗಳೂ ನಡೆಯುತ್ತವೆ. ಅಧಿಕಾರಿಗಳು ಪ್ರತಿ ವರ್ಷ ಅಂದು ಕಣ್ಣಿಟ್ಟು ಕಾಯಬೇಕಾಗಿದೆ. ಒಂದೇ ತಿಥಿಯಲ್ಲಿ ಬಸವಣ್ಣ, ಬಂಗಾರ, ಬಾಲವಧು. ಮೂರರಲ್ಲಿ ಯಾವುದರ ದಿನ ಅದು ಎಂದು ತೀರ್ಮಾನ ಮಾಡುವುದು ನಕ್ಷತ್ರವಲ್ಲ, ನಾವು.

ನೀವು ಅಣೆಕಟ್ಟೆಯ ಮಗ್ಗುಲಲ್ಲಿ ಇರುವವರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿಂಷೆಗೆ ಕಟ್ಟಿದ ಈ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಾನಾಗಿ ಕೆಲಸ ಮಾಡುವ ಸೈಫನ್ ಇರುವುದು ನಿಮಗೆ ಗೊತ್ತು. ನೀರು ಗೊತ್ತಾದ ಮಟ್ಟ ಮುಟ್ಟಿದ ಕೂಡಲೆ, ಯಾರೂ ಗೇಟು ಎತ್ತದೆ, ಹೆಚ್ಚಾದ ನೀರು ಹೊರಗೆ ಧುಮುಕುತ್ತದೆ. ಮಂಗಳವಾರವೆಂದು ನಿಲ್ಲುವುದಿಲ್ಲ, ಅಮಾವಾಸ್ಯೆಯೆಂದು ಕಾಯುವುದಿಲ್ಲ. ರಾಹುಕಾಲ ಕಳೆಯಲಿ ಎಂದು ನಿಂತಿದ್ದರೆ ಏರಿಯೇ ಉಳಿಯುತ್ತಿರಲಿಲ್ಲ. ಮಾಡಬೇಕಾದ ಹೊತ್ತಿಗೆ ಮಾಡುವುದೇ ಮುಹೂರ್ತ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಇಲ್ಲಿಗೆ ಹತ್ತಿರದ ಕಗ್ಗೆರೆಯ ತೋಟದಲ್ಲಿ ಶಿವಯೋಗಕ್ಕೆ ಕೂತು, ಯಡಿಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗ ಯತಿಗಳು ಚದುರಿಹೋಗಿದ್ದ ಶರಣ ಧರ್ಮವನ್ನು ಮತ್ತೆ ಕೂಡಿಸಿದರು. ಅಂಥ ನೆಲದಲ್ಲಿ ಒಬ್ಬ ಹೆಣ್ಣುಮಗಳು ಹುಟ್ಟಿದ ಗಳಿಗೆಗಾಗಿ ತಲೆ ತಗ್ಗಿಸಬೇಕೇ?

ಕೊನೆಗೆ ನಾಲ್ಕು ಕೋರಿಕೆ.

ಒಂದು, ಹೆಣ್ಣು ನೋಡಲು ಹೋದಾಗ, ಹೆಣ್ಣು ಕೊಡುವಾಗ, ಓದು, ದುಡಿಮೆ, ಆರೋಗ್ಯ, ನಡತೆ ವಿಚಾರಿಸಿ. ಜಾತಕ ಕೇಳಬೇಡಿ, ಯಾರಾದರೂ ಕೇಳಿದರೆ “ನಾವು ಲಿಂಗಾಯತರು, ಜಾತಕ ಇಟ್ಟುಕೊಂಡಿಲ್ಲ” ಎಂದು ನೇರವಾಗಿ ಹೇಳಿ. ಇದನ್ನು ಮೊದಲು ಗಂಡಿನ ಮನೆಯವರು ಹೇಳಬೇಕು. ಹೆಣ್ಣಿನ ಮನೆಯವರಿಗೆ ಅಷ್ಟು ಧೈರ್ಯ ಕೊಡುವುದು ನಮ್ಮ ಹೊಣೆ.

ಎರಡು, ಹೆರಿಗೆಯ ಹೊತ್ತನ್ನು ವೈದ್ಯರಿಗೆ ಬಿಡಿ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಿ. ಅದು ಮಗುವಿನ ಓದಿಗೆ, ಹಕ್ಕಿಗೆ ಬೇಕಾದ ಕಾಗದ, ಅದರ ತಲೆಬರಹವಲ್ಲ.

ಮೂರು, ಹೆಣ್ಣಿಗೆ 18, ಗಂಡಿಗೆ 21 ತುಂಬದ ಮದುವೆ ಎಲ್ಲಿಯೇ ಗೊತ್ತಾದರೂ 1098ಕ್ಕೆ ಫೋನ್ ಮಾಡಿ. ನೆಂಟರ ಮನೆಯಾದರೂ ಮಾಡಿ.

ನಾಲ್ಕು, ಇದು ಮಕ್ಕಳಿಗೆ. ನಿಮ್ಮ ಹುಟ್ಟಿದ ತಾರೀಖಿನಂದು ಲೋಕದಲ್ಲಿ ಯಾರು ಹುಟ್ಟಿದರು, ಏನು ನಡೆಯಿತು ಎಂದು ಶಾಲೆಯ ಗ್ರಂಥಾಲಯದಲ್ಲಿ ಹುಡುಕಿ. ಒಳ್ಳೆಯದನ್ನು ಒಂದು ಕಡೆ, ಕೆಟ್ಟದ್ದನ್ನು ಒಂದು ಕಡೆ ಬರೆಯಿರಿ. ಎರಡೂ ಕಡೆ ತುಂಬುತ್ತದೆ, ಯಾವ ತಾರೀಖಾದರೂ ಸರಿ. ಕೆಳಗೆ ಒಂದು ಸಾಲು ಖಾಲಿ ಬಿಡಿ. ಅದು ನಿಮ್ಮ ಕಾಯಕ ಬರೆಯುವ ಜಾಗ.